ಇಡ್ಲಿ ಪಾತ್ರೆಯಲ್ಲಿ ಬೆಂದ ದಂಡು

ತೋಳು ಬಿದ್ದಾಗ ಸದ್ದಾಗಲಿಲ್ಲ. ಅಕ್ಕಿಕಾಳಿಗಿಂತ ತುಸು ಉದ್ದ, ಬೂದು ಬಣ್ಣ, ಮುಷ್ಟಿ ಬಿಗಿದಿತ್ತು. ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಸರಿಯಾಗಿ ಕೂತಿತ್ತು. ಮೆಟ್ರೋ ಸ್ಟೇಷನ್ನಿನ ಗೇಟಿನ ಮುಂದೆ ಕಾರ್ಡಿಗಾಗಿ ಕೈಚೀಲದ ಒಳಜೇಬು ತಡಕುತ್ತಿದ್ದಾಗ ಅದು ಹೊರಬಂದು ನನ್ನ ಚಪ್ಪಲಿಯ ಪಕ್ಕದಲ್ಲಿ ಬಿತ್ತು. ಹಿಂದೆ ನಿಂತಿದ್ದ ಸೂಟುಧಾರಿಯೊಬ್ಬರು ಬಗ್ಗಿ, ಎರಡು ಬೆರಳಲ್ಲಿ ಎತ್ತಿ, ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಇದು ನಿಮ್ಮ..." ಎಂದು ಇಂಗ್ಲಿಷಿನಲ್ಲಿ ಶುರುಮಾಡಿ, ಮುಂದಿನ ಶಬ್ದ ಸಿಗದೆ ನಿಂತರು.

"ತೋಳು" ಎಂದೆ. "ಥ್ಯಾಂಕ್ ಯೂ."

ಗೇಟು ತೆರೆಯಿತು. ನಾನು ತೋಳನ್ನು ಮುಷ್ಟಿಯೊಳಗೆ ಹಿಡಿದು ಎಸ್ಕಲೇಟರ್ ಹತ್ತಿದೆ.

ನನ್ನ ಚೀಲದಲ್ಲಿ ಇಂಥವು ಇರುತ್ತವೆ. ಕರವಸ್ತ್ರದ ಮಡಿಕೆಯಲ್ಲಿ ಒಂದು ಕಿರೀಟ, ಕನ್ನಡಕದ ಪೆಟ್ಟಿಗೆಯಲ್ಲಿ ಎರಡು ಗುರಾಣಿ. ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ "ವೀಕೆಂಡ್ ಹೇಗಿತ್ತು?" ಎಂದು ಕೇಳುತ್ತಾರೆ, "ಮನೆಯಲ್ಲೇ ಇದ್ದೆ" ಎನ್ನುತ್ತೇನೆ. ಸುಳ್ಳಲ್ಲ. ಮನೆಯಲ್ಲಿ ಕೂತು ನಲವತ್ತು ಬಿಲ್ಲುಗಾರರಿಗೆ ಹುಬ್ಬು ಬರೆದೆ ಎಂಬುದನ್ನು ಅವರು ಕೇಳಿಲ್ಲ, ನಾನು ಹೇಳಿಲ್ಲ.

ನಿಮಗೆ ಹೇಳಬಹುದು. ನೀವು ನನ್ನ ಆಫೀಸಿನವರಲ್ಲ.

ಪ್ಲಾಸ್ಟಿಕ್ ಸೈನಿಕರು ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುತ್ತಾರೆ. ತಲೆ, ಮುಂಡ, ಕೈ, ಆಯುಧ ಎಲ್ಲವೂ ಒಂದು ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಅವನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು, ಕಾಲಡಿಗೆ ಒಂದಿಷ್ಟು ನೆಲ ಮಾಡಿಕೊಟ್ಟು ನಿಲ್ಲಿಸಬೇಕು. ಒಬ್ಬೊಬ್ಬನೂ ನನ್ನ ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರ. ದಂಡು ತುಂಬಿದ ಮೇಲೆ ದೊಡ್ಡ ಮೇಜಿನ ಮೇಲೆ ಸಾಲಾಗಿ ಇಟ್ಟು, ಟೇಪಿನಿಂದ ಅಳೆದು ನಡೆಸಿ, ದಾಳ ಉರುಳಿಸಿ, ಹಿಂದಿನ ಕಾಲದ ಕಾಳಗಗಳನ್ನು ಮತ್ತೆ ಆಡುವುದು. ಇದನ್ನು ಆಡುವವರಲ್ಲಿ ಹೆಚ್ಚಿನವರು ಗಂಡಸರು, ಅವರಲ್ಲೂ ಹೆಚ್ಚಿನವರಿಗೆ ಹೊಟ್ಟೆ ಮೇಜಿಗೆ ತಾಗುತ್ತದೆ. ನಾನು ಬಗ್ಗದೆ ಮೇಜಿನ ನಡುವಿಗೆ ಕೈ ಚಾಚಬಲ್ಲೆ ಎಂಬುದು ನನ್ನ ಮೊದಲ ಯುದ್ಧಲಾಭ.

ಈ ಚಟ ಎಲ್ಲಿಂದ ಬಂತೆಂದು ಹುಡುಕಿದರೆ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ನಾಲ್ಕನೇ ಮಹಡಿಯ ಒಂದು ಕಿಟಕಿಕಟ್ಟೆ ನೆನಪಾಗುತ್ತದೆ. ಅಪ್ಪ ಅಲ್ಲಿ ಕೆಲಸಕ್ಕಿದ್ದರು, ನಾನು ಅಲ್ಲಿಯೇ ಬೆಳೆದೆ. ಕೆಳಗಿನ ಅಗ್ಗದ ಸಾಮಾನಿನ ಅಂಗಡಿಯಲ್ಲಿ ಹಸಿರು ಸೈನಿಕರ ಚೀಲವೊಂದು ಸಿಕ್ಕಿತ್ತು. ಅಮ್ಮ ಅದರ ಜೊತೆಗೆ ಒಂದು ಗೊಂಬೆಯನ್ನೂ ಕೊಡಿಸಿದಳು, ನನ್ನ ಬುದ್ಧಿ ನೆಟ್ಟಗಿರಲಿ ಎಂದು. ನಾನು ಗೊಂಬೆಯನ್ನು ಮಲಗಿಸಿ ಗುಡ್ಡ ಮಾಡಿದೆ. ಹಸಿರು ಸೈನಿಕರಿಗೆ ಶತ್ರುಗಳು ಬೇಕಿತ್ತು. ಚೀಲದಲ್ಲಿ ಎಲ್ಲರೂ ಒಂದೇ ಬಣ್ಣದವರು. ಆದ್ದರಿಂದ ಖರ್ಜೂರದ ಬೀಜಗಳನ್ನು ಎದುರಿಗೆ ನಿಲ್ಲಿಸಿದೆ. ರಂಜಾನ್ ತಿಂಗಳಲ್ಲಿ ಪಕ್ಕದ ಮನೆಯವರು ಡಬ್ಬಿ ಡಬ್ಬಿ ಖರ್ಜೂರ ಕಳಿಸುತ್ತಿದ್ದರು, ಶತ್ರುವಿನ ಬಲ ದಿನದಿನಕ್ಕೆ ಏರುತ್ತಿತ್ತು. ಅಪ್ಪ ಸಂಜೆ ಬಂದು ಟೈ ಸಡಿಲಿಸುತ್ತ ಕೇಳುತ್ತಿದ್ದರು: "ಇವತ್ತು ಯಾರು ಗೆದ್ದದ್ದು?"

"ಖರ್ಜೂರ."

"ಇವತ್ತೂ?"

ಬಾಲ್ಯದಲ್ಲಿ ನನ್ನ ಕಡೆಯವರು ಒಮ್ಮೆಯೂ ಗೆಲ್ಲಲಿಲ್ಲ. ನಾನು ನ್ಯಾಯವಾಗಿ ಆಡುತ್ತಿದ್ದೆ, ಅದೇ ತೊಂದರೆ.

ಓದು ಮುಗಿಸಿ, ದುಬೈಯಲ್ಲಿ ಕಡಲಿಗೆ ಮಣ್ಣು ತುಂಬಿ ಮಾಡುವ ದಡಗಳ ನಕ್ಷೆ ಬರೆಯುವ ಕೆಲಸ ಹಿಡಿದು, ಅಲ್ ಬರ್ಷಾದಲ್ಲಿ ಒಂದು ಸಣ್ಣ ಸ್ಟುಡಿಯೋ ಫ್ಲ್ಯಾಟು ಮಾಡಿದ ಮೇಲೆ, ಮನೆಯಿಂದ ಎರಡು ಬೀದಿಯಾಚೆ ಈ ಆಟ ಆಡುವವರ ಕ್ಲಬ್ಬೊಂದು ಇರುವುದು ತಿಳಿಯಿತು. ಮೊದಲ ದಿನ ಬಾಗಿಲಲ್ಲಿ ನಿಂತಾಗ ಒಬ್ಬರು ಬಹಳ ವಿನಯದಿಂದ, "ನಿಮ್ಮ ಹಸ್ಬೆಂಡ್ ಇನ್ನೂ ಬಂದಿಲ್ಲ" ಎಂದರು. ನನಗೆ ಮದುವೆಯಾಗಿಲ್ಲ ಎಂದು ಹೇಳುವುದಕ್ಕಿಂತ ಕುರ್ಚಿ ಎಳೆದು ಕೂರುವುದು ಸುಲಭವಾಗಿತ್ತು. ಕೂತೆ.

ಎದುರಿಗೆ ಇಲ್ಯಾಸ್ ಭಾಯ್ ಇದ್ದರು. ಭಟ್ಕಳದವರು, ದೇರಾದಲ್ಲಿ ಪರದೆ ಬಟ್ಟೆಯ ಹೋಲ್‌ಸೇಲ್ ವ್ಯಾಪಾರ. ಮನೆಯಲ್ಲಿ ನವಾಯತಿ, ಅಂಗಡಿಯಲ್ಲಿ ಹಿಂದಿ, ನಮ್ಮಂಥವರು ಸಿಕ್ಕರೆ ಕನ್ನಡ. ಅವರ ದಂಡು ಪೋರ್ಚುಗೀಸರದ್ದು: ಎದೆಗೆ ಉಕ್ಕಿನ ಕವಚ, ಹೆಗಲಿಗೆ ಕೋವಿ, ಮಿರಮಿರ ಮಿಂಚುವ ಶಿರಸ್ತ್ರಾಣ. ಧ್ವಜಗಳಿಗೆ ಒಳ್ಳೆಯ ಪರದೆ ಬಟ್ಟೆಯ ತುಣುಕು. ನಾನು ನೋಡಿ ನೋಡಿ, ಕೊನೆಗೆ ಕೇಳಿಯೇ ಬಿಟ್ಟೆ.

"ಇಲ್ಯಾಸ್ ಭಾಯ್, ಈ ಪರಂಗಿಗಳು ನಿಮ್ಮ ಊರಿಗೇ ಬೆಂಕಿ ಇಟ್ಟವರಲ್ವಾ?"

"ಹೌದು ಮೇಡಂ. ಅದಕ್ಕೇ ಅವರನ್ನ ನನ್ನ ಡಬ್ಬಿಯಲ್ಲಿ ಬೀಗ ಹಾಕಿ ಇಟ್ಟಿದ್ದು. ವಾರಕ್ಕೊಮ್ಮೆ ಹೊರಗೆ ಬಿಡ್ತೇನೆ, ಬೇರೆಯವರ ಊರು ಸುಡ್ಲಿಕ್ಕೆ."

ಕ್ಲಬ್ಬಿನ ಪದ್ಧತಿಗಳು ಕೆಲವನ್ನು ಹೇಳಿದರೆ ಮುಂದಿನದು ತಿಳಿಯುತ್ತದೆ. ಒಂದು, ಬಣ್ಣ ಬಳಿಯದ ಬರಿ ಪ್ಲಾಸ್ಟಿಕ್ ಮೇಜಿಗೆ ಬರಕೂಡದು. ಇನ್ನೊಂದು ಪದ್ಧತಿಯಲ್ಲ, ಮೂಢನಂಬಿಕೆ; ಆದರೆ ಎಂಜಿನಿಯರುಗಳೂ ಡಾಕ್ಟರುಗಳೂ ಅದನ್ನು ಗಟ್ಟಿಯಾಗಿ ನಂಬುತ್ತಾರೆ. ಹೊಸದಾಗಿ ಬಣ್ಣ ಕಂಡ ತುಕಡಿ ತನ್ನ ಮೊದಲ ಕಾಳಗದಲ್ಲಿ ಓಡಿಹೋಗುತ್ತದೆ. ಬಣ್ಣ ಚೆನ್ನಾಗಿದ್ದಷ್ಟೂ ಬೇಗ ಓಡುತ್ತದೆ. ಮೂರನೆಯದು ಮುಖ್ಯ. ಬೇಸಿಗೆ ರಜೆಗೆ ಊರಿಗೆ ಹೋದವರೆಲ್ಲ ಮರಳಿದ ಮೇಲೆ, ಸೆಪ್ಟೆಂಬರ್ ಕೊನೆಗೆ ಅಬುಧಾಬಿಯಲ್ಲಿ ಒಂದು ದೊಡ್ಡ ಆಟ ನಡೆಯುತ್ತದೆ. ಅದರಲ್ಲಿ ಗೆದ್ದವರು ಬರುವ ವರ್ಷ ಕ್ಲಬ್ಬಿನ ದೊಡ್ಡ ಮೇಜು ಯಾವ ದೇಶವಾಗಬೇಕು ಎಂದು ಹೇಳಬಹುದು. ಆ ದೇಶದ ಗುಡ್ಡ, ಹೊಳೆ, ಮನೆ, ಮರ ಎಲ್ಲವನ್ನೂ ಎಲ್ಲರೂ ಸೇರಿ ಮಾಡುತ್ತಾರೆ. ಒಂದಿಡೀ ವರ್ಷ ಎಲ್ಲರೂ ಅಲ್ಲಿಯೇ ಯುದ್ಧ ಮಾಡುತ್ತಾರೆ.

ಹೋದ ವರ್ಷ ಆ ಮೇಜು ರಷ್ಯದ ಹಿಮವಾಗಿತ್ತು. ಅದರ ಹಿಂದಿನ ವರ್ಷ ಆಲ್ಪ್ಸಿನ ಹಿಮ. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುವ ಬಿಸಿಲು, ಒಳಗೆ ನಾವು ಗಂಭೀರವಾಗಿ ಅಡುಗೆ ಸೋಡಾ ಉದುರಿಸಿ ಹಿಮಪಾತ ಮಾಡುತ್ತಿದ್ದೆವು.

ನನಗೆ ನಮ್ಮ ಕರಾವಳಿ ಬೇಕಾಗಿತ್ತು. "ಬೇಕಾಗಿತ್ತು" ಎಂದು ಬರೆದಿದ್ದೇನೆ; ನಾನು ಸಾಮಾನ್ಯವಾಗಿ ಆ ಶಬ್ದ ಬಳಸುವವಳಲ್ಲ. ಉಡುಪಿ ನನಗೆ ರಜೆಯ ಊರು. ಪ್ರತಿ ಸಲ ಹೋಗಿ, ಸೆಖೆಗೆ ಬೊಕ್ಕೆ ಎದ್ದು, ಇನ್ನೇನು ಹೊಂದಿಕೊಂಡೆ ಎನ್ನುವಾಗ ವಿಮಾನ ಹತ್ತಿದ ಊರು. ಅದನ್ನು ಒಂದು ವರ್ಷ ಕೈಗೆಟುಕುವ ಹಾಗೆ ಮುಂದಿಟ್ಟುಕೊಳ್ಳಬೇಕು, ಅದಕ್ಕಾಗಿ ಜನ ಕಾದಾಡಬೇಕು ಎಂಬ ಆಸೆ ಯಾವಾಗಲೋ ಒಳಗೆ ಕೂತುಬಿಟ್ಟಿತ್ತು. ಇದನ್ನು ಯಾರಿಗೂ ಹೇಳಲಿಲ್ಲ. ಮೇ ತಿಂಗಳಲ್ಲಿ ಇಷ್ಟು ಮಾತ್ರ ಹೇಳಿದೆ: "ಸೆಪ್ಟೆಂಬರಿಗೆ ನಾನು ಹೊಸ ದಂಡು ತರ್ತೇನೆ. ನಮ್ಮ ಕಡೆಯ ಒಬ್ಬ ಅರಸಿಯ ದಂಡು. ಕಾಳುಮೆಣಸಿಗಾಗಿ ಪರಂಗಿಗಳ ಹಡಗು ಬರ್ತಿದ್ದ ಕಾಲದ್ದು."

ಇಲ್ಯಾಸ್ ಭಾಯ್ ಕರಕ್ ಚಹಾದ ಕಪ್ಪು ಕೆಳಗಿಟ್ಟರು. "ಅದನ್ನ ಯಾವ ಕಂಪನಿಯೂ ಮಾಡುವುದಿಲ್ಲ ಮೇಡಂ."

"ನಾನು ಮಾಡ್ತೇನೆ."

"ಮೈಮೇಲೆ ಅಂಗಿ ಇಲ್ಲ, ಎದೆಗೆ ಕಬ್ಬಿಣ ಇಲ್ಲ. ನನ್ನ ಕೋವಿಯ ಎದುರು ಎಷ್ಟು ಹೊತ್ತು ನಿಲ್ತಾರೆ?"

"ನೋಡುವ."

"ನಾನು ಹೇಳ್ತೇನೆ. ಈ ಚಾ ತಣಿಯುವಷ್ಟು ಹೊತ್ತು."

ಸುತ್ತಲಿದ್ದವರಿಗೆ ಕನ್ನಡ ಬಾರದು, ಆದರೂ ನಕ್ಕರು. ಕೆಲವು ಮಾತುಗಳಿಗೆ ಭಾಷೆ ಬೇಡ.

ಹೀಗೆ ಆ ಬೇಸಿಗೆಯೆಲ್ಲ ನಾನು ದರ್ಜಿಯೂ ಕ್ಷೌರಿಕಳೂ ಆದೆ. ಯುರೋಪಿನ ರೈತಸೈನಿಕರ ಪೆಟ್ಟಿಗೆಯಿಂದ ಮುಂಡ, ಅರಬ್ಬಿ ಬಿಲ್ಲುಗಾರರ ಪೆಟ್ಟಿಗೆಯಿಂದ ಕೈ, ಇನ್ನೆಲ್ಲಿಂದಲೋ ತಲೆ. ಗಡ್ಡಗಳನ್ನು ಚಾಕುವಿನಿಂದ ಕೆರೆದು ಮೀಸೆ ಉಳಿಸಿದೆ. ಪ್ಯಾಂಟುಗಳನ್ನು ಕೆರೆದು ಬರಿಗಾಲು ಮೂಡಿಸಿದೆ. ಅದರ ಮೇಲೆ, ಒಟ್ಟು ಸೇರಿಸಿದರೆ ಗಟ್ಟಿಯಾಗುವ ಹಳದಿ ನೀಲಿ ಎರಡು ಪುಟ್ಟಿ ಕಲಸಿ, ಸೂಜಿಯ ಮೊನೆಯಲ್ಲಿ ನೆರಿಗೆ ಎಳೆದು ಕಚ್ಚೆ ಉಡಿಸಿದೆ. ಅಂಗಡಿಯ ಬಣ್ಣದ ಶೀಶೆಗಳಲ್ಲಿ "ಮೈಬಣ್ಣ" ಎಂದು ಬರೆದದ್ದು ಬೇಯಿಸಿದ ಸಿಗಡಿಯ ಬಣ್ಣ. ಅದನ್ನು ಬದಿಗಿಟ್ಟು ನಾನೇ ಕಂದು ಬೆರೆಸಿದೆ. ಸರಿಯಾಯಿತೇ ಎಂದು ತಿಳಿಯಲು ನನ್ನ ಮಣಿಕಟ್ಟಿನ ಮೇಲೆ ಒಂದೊಂದು ಚುಕ್ಕೆ ಇಡುತ್ತಿದ್ದೆ. ಚುಕ್ಕೆ ಕಾಣದೇ ಹೋದ ದಿನ ಬಣ್ಣ ಸಿದ್ಧವಾಯಿತು. ಕಾಲಡಿಯ ನೆಲಕ್ಕೆ ಇಲ್ಲಿನ ಮರಳು ಬಹಳ ನುಣುಪು, ಬಹಳ ಬಿಳುಪು. ಸೋಸಿದ ಚಹಾಪುಡಿ ಒಣಗಿಸಿ ಅಂಟಿಸಿ, ಇಟ್ಟಿಗೆ ಕೆಂಪು ತಾಗಿಸಿದರೆ ನಮ್ಮ ಮುರಕಲ್ಲಿನ ಮಣ್ಣೇ. ಎಷ್ಟು ಚಹಾ ಕುಡಿದೆನೆಂದು ಕೇಳಬೇಡಿ.

ಶನಿವಾರಗಳಲ್ಲಿ ಕರಾಮದಲ್ಲಿರುವ ಸುಮತಿ ಅತ್ತೆಯ ಮನೆಗೆ ಹೋಗುತ್ತಿದ್ದೆ. ಅಪ್ಪನ ಅಕ್ಕ. ಮದುವೆಯಾಗಿ ಇಲ್ಲಿಗೆ ಬರುವ ಮೊದಲು ಊರಲ್ಲಿ ಪ್ರೈಮರಿ ಶಾಲೆಯ ಟೀಚರ್. ಮನೆಮಾತು ತುಳು, ಆದರೆ ಪಾಠ ಹೇಳಲಿಕ್ಕೂ ಬೈಯಲಿಕ್ಕೂ ಕನ್ನಡ. ಹಾಗಾಗಿ ನನ್ನ ಜೊತೆ ಹೆಚ್ಚಾಗಿ ಕನ್ನಡ. ಮೊದಲ ತುಕಡಿಯನ್ನು ಅವರ ಊಟದ ಮೇಜಿನ ಮೇಲೆ ನಿಲ್ಲಿಸಿದಾಗ ಕನ್ನಡಕ ಏರಿಸಿ, ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ಎಂತ ಮಾರಾಯ್ತಿ ಇದು, ಇವ ಉಟ್ಟದ್ದು?"

"ಕಚ್ಚೆ ಅತ್ತೆ."

"ಕಚ್ಚೆಯಾ? ಮಕ್ಕಳಿಗೆ ಕಟ್ಟುವ ಡೈಪರ್ ಹಾಗೆ ಉಂಟು. ಇದನ್ನು ಉಟ್ಟುಕೊಂಡು ಅವ ಓಡ್ಲಿಕ್ಕುಂಟಾ? ಹಿಂದೆ ಸಿಕ್ಕಿಸಿದ್ದು ಎಲ್ಲಿ ಕಾಣ್ತದೆ?"

ಕಾಣುತ್ತಿರಲಿಲ್ಲ. ನಾನು ಮುಂದಿನಿಂದ ಮಾತ್ರ ಯೋಚಿಸಿದ್ದೆ. ಅತ್ತೆ ಮಾಮನನ್ನು ಕರೆದು, ಅವರ ಲುಂಗಿಯ ಮೇಲೆಯೇ ಒಂದು ಬಿಳಿ ಪಂಚೆ ಸುತ್ತಿ, ಎಳೆದು, ಸಿಕ್ಕಿಸಿ, ತಿರುಗಿಸಿ ನಿಲ್ಲಿಸಿದರು. ಮಾಮ ಟಿವಿಯ ಕ್ರಿಕೆಟ್ಟಿನತ್ತ ಕತ್ತು ಹೊರಳಿಸಿಕೊಂಡೇ ನಿಂತರು. ನಾನು ಸೊಂಟದ ಹಿಂಭಾಗದ ಚಿತ್ರ ಬರೆದುಕೊಂಡೆ. ಆ ವಾರ ಎಲ್ಲರ ಕಚ್ಚೆಯನ್ನೂ ಕಿತ್ತು ಮತ್ತೆ ಉಡಿಸಿದೆ.

ಅರಸಿಯನ್ನು ಮಾಡಲು ಹೆಚ್ಚು ದಿನ ಹಿಡಿಯಿತು. ಪೆಟ್ಟಿಗೆಗಳಲ್ಲಿ ಹೆಂಗಸರೇ ಇರುವುದಿಲ್ಲ. ಧ್ವಜ ಹಿಡಿದವನೊಬ್ಬನ ಮುಂಡದ ಮೇಲೆ ಪುಟ್ಟಿಯಿಂದ ಸೀರೆ ಎಬ್ಬಿಸಿದೆ, ಕೈಗೆ ಕತ್ತಿ ಕೊಟ್ಟೆ, ಪಕ್ಕದಲ್ಲಿ ಓಲೆಗೊಡೆ ಹಿಡಿದ ಒಬ್ಬನನ್ನು ನಿಲ್ಲಿಸಿದೆ. ಅತ್ತೆಯ ಒತ್ತಾಯಕ್ಕೆ ತುರುಬಿನ ಸುತ್ತ ಬಿಳಿ ಚುಕ್ಕೆಗಳ ಮಲ್ಲಿಗೆ. ಮುಖ ಯಾರ ಹಾಗೆ ಬಂತೆಂದು ಅತ್ತೆ ಕೇಳಿದರು. ಅದನ್ನು ಅವರಿಗೂ ಹೇಳಲಿಲ್ಲ.

ಊರಿನಲ್ಲಿ ಆಗ ಆಟಿ ತಿಂಗಳು. ಹೊರಗೆ ಹೋಗಲಾಗದ ಮಳೆಗೆ ಜನ ಒಳಗೆ ಕೂತು ಚೆನ್ನೆಮಣೆ ಆಡುವ ಕಾಲ. ಇಲ್ಲಿ ಮಳೆಯಿಲ್ಲ, ಹೊರಗೆ ಹೋಗಲಾಗದ ಬಿಸಿಲುಂಟು. ಒಟ್ಟಿನಲ್ಲಿ ಒಳಗೆ ಕೂರಬೇಕು ತಾನೇ ಎಂದು ಅತ್ತೆ ಮಂಚದಡಿಯಿಂದ ಮಣೆ ತೆಗೆಯುತ್ತಿದ್ದರು. ಎರಡು ಸಾಲು ಗುಳಿ, ಅತ್ತೆಯ ಮಾತಿನಲ್ಲಿ ಮನೆ; ಆಡಲು ಕೆಂಪು ಮಂಜೊಟ್ಟಿ ಕಾಯಿ. ಒಂದು ಗುಳಿಯ ಕಾಯಿಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವುದು. ಕೈಯಲ್ಲಿದ್ದದ್ದು ಮುಗಿದಾಗ ಮುಂದಿನ ಗುಳಿ ಖಾಲಿಯಿದ್ದರೆ, ಅದರಾಚೆಯ ಗುಳಿಯ ಕಾಯಿಗಳೆಲ್ಲ ಆಡಿದವರಿಗೆ. ನಾನು ಯಾವಾಗಲೂ ಸೋಲುತ್ತಿದ್ದೆ. ನನ್ನ ಗುಳಿಗಳಲ್ಲಿ ಒಂದೂ ಖಾಲಿ ಬೀಳದಂತೆ ಜಾಗ್ರತೆಯಿಂದ ಆಡಿ, ಜಾಗ್ರತೆಯಿಂದ ಸೋಲುತ್ತಿದ್ದೆ.

"ನೀನು ಖಾಲಿ ಮನೆ ಕಂಡ್ರೆ ಹೆದರ್ತಿ" ಎಂದರು ಅತ್ತೆ ಒಮ್ಮೆ, ನನ್ನ ಕಾಯಿಗಳನ್ನೆಲ್ಲ ಬಾಚಿ ಮಡಿಲಿಗೆ ಹಾಕಿಕೊಳ್ಳುತ್ತ. "ಖಾಲಿ ಮನೆ ಆಚೆಗೇ ಅಲ್ವಾ ಕಾಯಿ ಸಿಗುದು? ಎಲ್ಲಾ ತುಂಬಿಸಿ ಇಟ್ಟರೆ ಎಂತ ಸಿಗ್ತದೆ, ಮಣ್ಣು."

ಸೆಪ್ಟೆಂಬರಿನಲ್ಲಿ ದಂಡು ಮುಗಿಯಿತು. ಅಬುಧಾಬಿಯ ಆಟಕ್ಕೆ ಒಂದು ವಾರ ಇರುವಾಗ, ಅತ್ತೆಗೆ ತೋರಿಸಬೇಕೆಂದು ಎಲ್ಲರನ್ನೂ ಪೆಟ್ಟಿಗೆಯಲ್ಲಿ ನಿಲ್ಲಿಸಿ ಕಾರಿನಲ್ಲಿಟ್ಟು ಕರಾಮಕ್ಕೆ ಹೊರಟೆ. ಕರಾಮದಲ್ಲಿ ಶನಿವಾರ ಮಧ್ಯಾಹ್ನ ಪಾರ್ಕಿಂಗ್ ಸಿಗುವುದು ಎಂದರೇನೆಂದು ಇಲ್ಲಿದ್ದವರಿಗೆ ಗೊತ್ತು. ಅತ್ತೆಯ ಕಟ್ಟಡದಿಂದ ಬಹಳ ದೂರದಲ್ಲಿ, ಒಂದು ಬಯಲಿನ ನಟ್ಟ ನಡುವೆ ಜಾಗ ಸಿಕ್ಕಿತು. ಅಷ್ಟು ದೂರ ಆ ಬಿಸಿಲಿನಲ್ಲಿ ಪೆಟ್ಟಿಗೆ ಹೊತ್ತು ಯಾರಾದರೂ ಡಿಕ್ಕಿ ಹೊಡೆದರೆ? ಊಟ ಮಾಡಿಕೊಂಡು ಬರುವಷ್ಟರಲ್ಲಿ ಕಟ್ಟಡದ ಎದುರೇ ಜಾಗ ತೆರವಾಗಬಹುದು, ಆಗ ಕಾರನ್ನೇ ತಂದರಾಯಿತು. ಬಹಳ ವಿವೇಕದ ಯೋಚನೆ. ಪೆಟ್ಟಿಗೆಯನ್ನು ಹಿಂದಿನ ಗಾಜಿನ ಕೆಳಗೆ, ಅಲುಗಾಡದಂತೆ, ಭದ್ರವಾಗಿ ಇಟ್ಟು ಹೋದೆ.

ನೀರುದೋಸೆ, ಬಂಗುಡೆ ಪುಳಿಮುಂಚಿ. ಮೇಲೆ ಊರಿನ ಸುದ್ದಿ. ನಡುನಡುವೆ ಕಿಟಕಿಯಿಂದ ಇಣುಕಿ ಜಾಗ ತೆರವಾಯಿತೇ ಎಂದು ನೋಡುತ್ತಿದ್ದೆ. ಕೊನೆಗೆ ತಾಳ್ಮೆಗೆಟ್ಟು ನಡೆದೇ ಹೋಗಿ ಪೆಟ್ಟಿಗೆ ತಂದು, ಅತ್ತೆಯ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ.

ಈಟಿಗಳೆಲ್ಲ ಬಗ್ಗಿದ್ದವು. ಬಾಡಿದ ಹರಿವೆ ದಂಟಿನ ಹಾಗೆ, ಒಂದೂ ಬಿಡದೆ, ತುದಿ ನೆಲಕ್ಕೆ ತಾಗುವಷ್ಟು. ಬಿಲ್ಲುಗಳು ಸುರುಟಿದ್ದವು. ಅರಸಿಯ ಕತ್ತಿ ಅವಳ ಪಾದವನ್ನು ನೋಡುತ್ತಿತ್ತು. ಇಡೀ ದಂಡು, ಶತ್ರುವನ್ನು ಕಾಣುವ ಮೊದಲೇ, ಬಿಸಿಲಿಗೆ ಶರಣಾಗಿ ಸಾಮೂಹಿಕ ನಮಸ್ಕಾರ ಮಾಡುತ್ತಿತ್ತು.

ಅತ್ತೆ ಬಗ್ಗಿದ ಒಂದು ಈಟಿಯನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದರು. ಆಮೇಲೆ ಮೆಲ್ಲಗೆ, "ಅಳ್ಬೇಡ" ಎಂದರು.

"ಅಳ್ತಾ ಇಲ್ಲ."

"ಹಾಗಾದ್ರೆ ಕಣ್ಣು ಒರೆಸಿಕೊ."

ಬಗ್ಗಿದ ಪ್ಲಾಸ್ಟಿಕ್ಕನ್ನು ಕುದಿಯುವ ನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಬಹುದೆಂದು ನನಗೆ ಗೊತ್ತಿತ್ತು. ಆದರೆ ಅದ್ದಿದರೆ ಕಾಲಡಿಯ ಅಂಟು ಕರಗಿ, ಬೇಸಿಗೆಯೆಲ್ಲ ಕುಡಿದ ಚಹಾ ಮತ್ತೆ ಚಹಾ ಆಗುತ್ತದೆ. ಇದನ್ನು ಹೇಳಿದೆ. ಅತ್ತೆ ನನ್ನನ್ನು ತರಗತಿಯ ಹಿಂದಿನ ಬೆಂಚಿನ ಮಗುವನ್ನು ನೋಡುವಂತೆ ನೋಡಿದರು.

"ನೀರಿಗೆ ಹಾಕ್ಲಿಕ್ಕೆ ಯಾರು ಹೇಳಿದ್ದು? ಇಡ್ಲಿಯನ್ನ ನಾವು ನೀರಿಗೆ ಹಾಕ್ತೇವಾ?"

ಹೀಗೆ ನನ್ನ ಅರಸಿಯ ದಂಡು ಕರಾಮದ ಒಂದು ಅಡುಗೆಮನೆಯಲ್ಲಿ, ಇಡ್ಲಿ ಪಾತ್ರೆಯ ತಟ್ಟೆಗಳ ಮೇಲೆ, ಕುಳಿಗೊಬ್ಬರಂತೆ ನಿಂತು ಹಬೆ ತೆಗೆದುಕೊಂಡಿತು. ಅತ್ತೆ ಮುಚ್ಚಳ ತೆಗೆಯುವುದು, ನಾನು ಎತ್ತುವುದು, ಈಟಿ ಮೆತ್ತಗಿರುವಾಗಲೇ ಎರಡು ಬೆರಳಲ್ಲಿ ನೀವಿ ನೆಟ್ಟಗೆ ಮಾಡುವುದು, ಕೂಡಲೇ ಅದರ ತುದಿಯನ್ನು ಮಂಜುಗಡ್ಡೆ ಹಾಕಿದ ಲೋಟಕ್ಕೆ ಮುಟ್ಟಿಸುವುದು. ಒಬ್ಬೊಬ್ಬನಿಗೂ ಒಂದೊಂದು ಬಾರಿ. ಮಾಮ ಹಬೆಯ ವಾಸನೆಗೆ ಎದ್ದುಬಂದು ಬಾಗಿಲಲ್ಲಿ ನಿಂತರು.

"ಇವತ್ತು ಇಡ್ಲಿಯಾ?"

"ಅಲ್ಲ, ಸೈನಿಕರು" ಎಂದರು ಅತ್ತೆ, ತಿರುಗದೆ.

"ಚಟ್ನಿ ಉಂಟಲ್ಲ?"

ಬಣ್ಣ ಒಂದಿಷ್ಟೂ ಏಳಲಿಲ್ಲ. ಕೈಯಿಂದ ನೀವಿದ್ದರಿಂದ ಈಟಿಗಳು ಪೆಟ್ಟಿಗೆಯಿಂದ ಬಂದಂತೆ ಒಂದೇ ಕೋನದಲ್ಲಿ ನಿಲ್ಲಲಿಲ್ಲ. ಒಂದು ಮುಂದಕ್ಕೆ, ಒಂದು ತುಸು ಬದಿಗೆ, ಒಂದು ಹೆಗಲಿಗೆ ಒರಗಿದ ಹಾಗೆ. ಮೊದಲು ಅವರು ಪರೇಡಿಗೆ ನಿಂತಂತೆ ಇದ್ದರು. ಈಗ ಎಲ್ಲಿಂದಲೋ ನಡೆದು ಬರುತ್ತಿದ್ದರು. ಅತ್ತೆ ಪಾತ್ರೆಯನ್ನು ಒಣಬಟ್ಟೆಯಿಂದ ಒರೆಸಿ ನನ್ನ ಕೈಗೇ ಕೊಟ್ಟರು. "ಇದನ್ನು ನೀನೇ ಇಟ್ಟುಕೊ. ಇನ್ನು ಇದರಲ್ಲಿ ಇಡ್ಲಿ ಮಾಡಿದ್ರೆ ನಿನ್ನ ಮಾಮನಿಗೆ ಮೀಸೆ ಸಿಕ್ಕೀತು."

ಮುಂದಿನ ಶನಿವಾರ ಅಬುಧಾಬಿಗೆ ಹೊರಟಾಗ ಪೆಟ್ಟಿಗೆ ಮುಂದಿನ ಸೀಟಿನಲ್ಲಿತ್ತು, ಸೀಟುಬೆಲ್ಟಿನೊಳಗೆ. ಎಸಿಯ ಗಾಳಿ ಪೂರಾ ಅದರ ಕಡೆಗೆ. ನಾನು ದಾರಿಯುದ್ದಕ್ಕೂ ಬೆವರಿದೆ.

ಹಮ್ದಾನ್ ಸ್ಟ್ರೀಟಿನ ಹಿಂದಿನ ಒಂದು ಹೋಟೆಲಿನ ಸಭಾಂಗಣ. ಸುತ್ತುಗಳೆಲ್ಲ ಮುಗಿದು ಕೊನೆಯ ಆಟಕ್ಕೆ ಉಳಿದವರು ಇಲ್ಯಾಸ್ ಭಾಯ್ ಮತ್ತು ನಾನು. ಹಿಂದಿನ ಸುತ್ತುಗಳಲ್ಲಿ ನಾನು ಹಳೆಯ ದಂಡಿನಿಂದಲೇ ಆಡಿದ್ದೆ; ಅರಸಿಯನ್ನು ಹೊರತೆಗೆದದ್ದು ಈಗ. ಮುಚ್ಚಳ ತೆಗೆದಾಗ ಮೇಜಿನ ಸುತ್ತ ಜನ ಸೇರಿದರು. ಇಲ್ಯಾಸ್ ಭಾಯ್ ಬಗ್ಗಿ, ಒಬ್ಬನನ್ನು ಎತ್ತಿ, ಮೊದಲು ಹಿಂಭಾಗ ನೋಡಿದರು.

"ಮಾಶಾ ಅಲ್ಲಾ. ಕಚ್ಚೆ ಸರಿಯಾಗಿ ಸಿಕ್ಕಿಸಿದ್ದೀರಿ."

ನನ್ನ ಜೀವನದ ಅತ್ಯುತ್ತಮ ಪ್ರಶಂಸೆಗಳಲ್ಲಿ ಅದೊಂದು.

ಮೇಜಿನ ನಡುವೆ ಒಂದು ಹಳ್ಳಿ. ಆಟ ಮುಗಿಯುವಾಗ ಅದು ಯಾರ ಕೈಯಲ್ಲಿದೆಯೋ ಅವರು ಗೆದ್ದಂತೆ. ಇಲ್ಲವೇ ಎದುರಾಳಿಯ ದಂಡು ಮೊದಲೇ ಮುರಿಯಬೇಕು. ಎಡಕ್ಕೆ ಒಂದು ತೋಪು, ಅಲ್ಲಿ ನನ್ನ ಬಿಲ್ಲುಗಾರರು. ಬಲಕ್ಕೆ ಹೊಳೆಯ ದಂಡೆ, ದೋಣಿಗಳಲ್ಲಿ ಈಟಿಯವರು. ಹಳ್ಳಿಯಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಅರಸಿಯ ಕಾವಲು ತುಕಡಿ. ಅವರಿಗೆ ನಾನು ಅಂಚಿನ ಪಂಚೆ ಉಡಿಸಿದ್ದೆ, ಕಿವಿಗೆ ಹೊನ್ನಬಣ್ಣದ ಒಂಟಿ ಇಟ್ಟಿದ್ದೆ, ಒಬ್ಬನ ಹಣೆಯಲ್ಲಿ ಗಂಧ ಕೂಡ ಇತ್ತು.

ಇಲ್ಯಾಸ್ ಭಾಯ್ ಕೋವಿ ಹಾರಿಸಿದರು. ದಾಳ ಉರುಳಿತು. ಒಬ್ಬಿಬ್ಬರು ಬಿದ್ದರು, ದೊಡ್ಡ ನಷ್ಟವಲ್ಲ. ಕಾವಲು ತುಕಡಿ ಧೈರ್ಯದಿಂದ ನಿಲ್ಲುತ್ತದೆಯೇ ಎಂದು ನೋಡಲು ನಾನು ಎರಡು ದಾಳ ಹಾಕಬೇಕಿತ್ತು. ಏನು ಬಿದ್ದರೂ ಸಾಕಿತ್ತು, ಎರಡು ಒಂದುಗಳ ಹೊರತು.

ಎರಡು ಒಂದು ಬಿತ್ತು.

ಸಭಾಂಗಣ ಒಟ್ಟಾಗಿ ಕೂಗಿತು: "ನ್ಯೂ ಪೇಂಟ್! ನ್ಯೂ ಪೇಂಟ್!" ನನ್ನ ಗಂಧ ಹಚ್ಚಿದ ವೀರ, ಕಿವಿಯ ಒಂಟಿ, ಅಂಚಿನ ಪಂಚೆ, ಎಲ್ಲವೂ ಮೇಜು ಬಿಟ್ಟು ಓಡಿದವು. ನಾನೇ ಅವರನ್ನು ಎತ್ತಿ ಪೆಟ್ಟಿಗೆಗೆ ಹಾಕಬೇಕಾಯಿತು. ಹಳ್ಳಿ ಖಾಲಿಯಾಯಿತು. ಅರಸಿ ಅದರ ಹಿಂದೆ, ಕೊಡೆಯವನೊಬ್ಬನ ಜೊತೆ ನಿಂತಿದ್ದಳು.

ಇಲ್ಯಾಸ್ ಭಾಯ್ ಚಹಾದ ಕಪ್ಪು ಮುಟ್ಟಿ ನೋಡಿದರು. "ಇನ್ನೂ ಬಿಸಿ ಉಂಟು ಮೇಡಂ."

ನನ್ನ ಕೈ ತಾನಾಗಿಯೇ ತೋಪಿನ ಕಡೆಗೆ ಹೋಯಿತು. ಬಿಲ್ಲುಗಾರರನ್ನು ಎಳೆದು ಹಳ್ಳಿಗೆ ತುಂಬಬೇಕು. ಅದು ನನ್ನ ಸ್ವಭಾವ, ಇರುವ ಎಲ್ಲ ಗುಳಿಗೂ ಒಂದೊಂದು ಕಾಯಿ. ಬೆರಳು ಮೊದಲ ಬಿಲ್ಲುಗಾರನಿಗೆ ತಾಗಿದಾಗ ಅತ್ತೆಯ ಮಡಿಲು, ಅದರಲ್ಲಿ ನನ್ನ ಕಾಯಿಗಳ ರಾಶಿ ಕಣ್ಣಿಗೆ ಬಂತು. ಕೈ ಹಿಂದೆ ತೆಗೆದೆ.

"ನನ್ನದು ಆಯ್ತು" ಎಂದೆ.

"ಏನೂ ಮಾಡಲಿಲ್ಲ ನೀವು."

"ಹೌದು."

"ನಡು ಖಾಲಿ ಉಂಟು."

"ಗೊತ್ತು, ಇಲ್ಯಾಸ್ ಭಾಯ್."

ಅವರು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನೂ ಕಾಣುವುದಿಲ್ಲ. ಅದಕ್ಕಾಗಿ ಬಾಲ್ಯದಿಂದ ಬೈಸಿಕೊಂಡಿದ್ದೇನೆ, ಅಂದು ಮೊದಲ ಸಲ ಕೆಲಸಕ್ಕೆ ಬಂತು. "ಯಲ್ಲಾ" ಎಂದು ಅವರು ಇಡೀ ಸಾಲನ್ನು ಮುಂದೂಡಿದರು. ಕವಚ, ಕೋವಿ, ಪರದೆ ಬಟ್ಟೆಯ ಧ್ವಜ, ಎಲ್ಲವೂ ಹಳ್ಳಿಯ ಕಿರುಬೀದಿಗೆ ನುಗ್ಗಿ ಒಂದಕ್ಕೊಂದು ಒತ್ತಿಕೊಂಡು ನಿಂತವು. ಆ ಇಕ್ಕಟ್ಟಿನಲ್ಲಿ ತಿರುಗಲು ಜಾಗವಿಲ್ಲ. ಕೋವಿಗೆ ಮದ್ದು ತುಂಬಲು ಒಂದು ಸರದಿ ಬೇಕು, ಬಿಲ್ಲಿಗೆ ಬೇಡ. ತೋಪಿನಿಂದ ನನ್ನ ಬಿಲ್ಲುಗಾರರು ಎಡಗಡೆಗೆ ಹೊಡೆದರು. ದೋಣಿಗಳು ದಂಡೆಗೆ ತಾಗಿ, ಈಟಿಯವರು ಇಳಿದು, ಬೆನ್ನಿಗೆ ಬಂದರು. ಒಂದೂ ಒಂದರ ಹಾಗಿಲ್ಲದ ಈಟಿಗಳು.

ಅವರ ಸಾಲು ಒಂದು ಸರದಿ ತಡೆಯಿತು. ಎರಡನೆಯದರಲ್ಲಿ ಧ್ವಜ ಬಿತ್ತು. ಕೊನೆಗೆ, ಉಳಿದವರು ಧೈರ್ಯದಿಂದ ನಿಲ್ಲುತ್ತಾರೆಯೇ ಎಂದು ನೋಡಲು, ಅವರು ಎರಡು ದಾಳವನ್ನು ಅಂಗೈಯಲ್ಲಿ ಬಹಳ ಹೊತ್ತು ಕುಲುಕಿ, ಏನೋ ಪಿಸುಗುಟ್ಟಿ ಹಾಕಿದರು. ನಾನು ದಾಳ ನೋಡಲಿಲ್ಲ. ಅವರ ಕೈ ನೋಡಿದೆ. ಅದು ಮೆಲ್ಲಗೆ ಮೇಜಿನ ಮೇಲೆ ಬೋರಲಾಯಿತು.

"ಖಲಾಸ್" ಎಂದರು ಇಲ್ಯಾಸ್ ಭಾಯ್. ಆಮೇಲೆ ಎದ್ದು ನಿಂತು, ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಮುಖ ಹಿಂಡಿದರು. "ತಣ್ಣಗಾಗಿತ್ತು."

ಚಪ್ಪಾಳೆ ಜೋರಾಗಿಯೇ ಇತ್ತು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಅರಸಿಯನ್ನು ನೋಡಿದೆ. ಆಟ ನಡೆಸುತ್ತಿದ್ದವರು ಬಂದು, ಬರುವ ವರ್ಷದ ಮೇಜು ಯಾವ ದೇಶ ಎಂದು ಕೇಳಿದರು. ಸದ್ದು ತಗ್ಗಿತು. ಎಲ್ಲರೂ ಹಿಮದ ಬೇರೊಂದು ಹೆಸರಿಗೆ ಕಾಯುತ್ತಿದ್ದರು.

"ಅರಬ್ಬೀ ಸಮುದ್ರದ ಆಚೆ ದಡ" ಎಂದೆ. "ಉಡುಪಿಯಿಂದ ಭಟ್ಕಳದವರೆಗೆ."

ಇಲ್ಯಾಸ್ ಭಾಯ್ ತಮ್ಮ ಪರಂಗಿಗಳನ್ನು ಡಬ್ಬಿಗೆ ತುಂಬುತ್ತಿದ್ದವರು ನಿಂತರು. "ಭಟ್ಕಳವೂ ಉಂಟಾ ಅದರಲ್ಲಿ?"

"ಉಂಟು."

"ಅಂದ್ರೆ ನನ್ನವರು ಇಳಿಯುವುದು ನಮ್ಮ ಊರಿಗೇ."

"ಇಳಿಯಲಿ. ಈ ಸಲ ಕಾಯುವವರು ಇರ್ತಾರೆ."

ಅವರು ಡಬ್ಬಿಗೆ ಬೀಗ ಹಾಕಿ, "ಹಾಗಾದ್ರೆ ಮಸೀದಿ ನಾನು ಮಾಡ್ತೇನೆ. ನೀವು ಅದಕ್ಕೆ ಕೈ ಹಾಕ್ಬೇಡಿ, ನಿಮಗೆ ಗೊತ್ತಾಗುವುದಿಲ್ಲ" ಎಂದರು.

ಕಾರಿನಿಂದ ಅತ್ತೆಗೆ ಫೋನು ಮಾಡಿದೆ. "ಗೆದ್ದೆ" ಎಂದೆ. "ಖಾಲಿ ಮನೆ ಬಿಟ್ಟಿಯಾ?" ಎಂದರು. "ಬಿಟ್ಟೆ." "ಊಟ ಮಾಡಿದ್ಯಾ?" ಅಲ್ಲಿಗೆ ವಿಜಯೋತ್ಸವದ ಅಧಿಕೃತ ಭಾಗ ಮುಗಿಯಿತು. ಅನಧಿಕೃತ ಭಾಗ ದುಬೈ ದಾರಿಯಲ್ಲಿ ನಡೆಯಿತು. ಕಿಟಕಿಗಳೆಲ್ಲ ಮುಚ್ಚಿವೆಯೇ ಎಂದು ನೋಡಿಕೊಂಡು, ಅಕ್ಕಪಕ್ಕ ವಾಹನವಿಲ್ಲದ ಜಾಗದಲ್ಲಿ, ನಾನು ಒಂದು ಸಲ ಗಟ್ಟಿಯಾಗಿ ಕೂಗಿದೆ. ಶಬ್ದವೇನೂ ಇರಲಿಲ್ಲ ಅದರಲ್ಲಿ. ಆಮೇಲೆ ಇನ್ನೊಂದು ಸಲ. ಎರಡನೆಯದು ಮೊದಲಿನದಕ್ಕಿಂತ ಚೆನ್ನಾಗಿ ಬಂತು.

ಮರುದಿನ ಭಾನುವಾರ. ಬೆಳಿಗ್ಗೆ ಕಟ್ಟಡ ಸಾಮಾನಿನ ಅಂಗಡಿ ತೆರೆಯುವುದನ್ನೇ ಕಾದಿದ್ದು, ಗೋಡೆಗೆ ಶಾಖ ತಾಗದಂತೆ ಹಾಕುವ ನೀಲಿ ಫೋಮಿನ ಹಲಗೆ ಕೊಂಡೆ. ಲಿಫ್ಟಿನಲ್ಲಿ ಅದು ಹಿಡಿಸಲಿಲ್ಲ, ಮೆಟ್ಟಿಲಲ್ಲಿ ಹೊತ್ತೆ. ಮಂಚವನ್ನು ಗೋಡೆಗೆ ಒತ್ತಿ, ಹಲಗೆಯನ್ನು ನೆಲದ ತುಂಬ ಹಾಸಿ, ಮಾರ್ಕರ್ ಹಿಡಿದು ಮಂಡಿಯೂರಿದೆ. ಆಫೀಸಿನಲ್ಲಿ ನಾನು ಬರೆಯುವ ದಡಗಳೆಲ್ಲ ಸರಳರೇಖೆ. ಅಂದು ಸ್ಕೇಲು ಮುಟ್ಟಲಿಲ್ಲ. ಮೊದಲು ಸಮುದ್ರ ಬರೆದೆ, ಆಮೇಲೆ ಪೂರ್ವದ ಅಂಚಿನಿಂದ ಒಂದು ಹೊಳೆ ತಂದೆ. ನಮ್ಮ ಕಡೆಯ ಹೊಳೆಗಳು ಕಡಲ ಹತ್ತಿರ ಬಂದಮೇಲೂ ತಟ್ಟನೆ ಸೇರುವುದಿಲ್ಲ. ನಡುವೆ ತೆಳ್ಳನೆಯ ಮರಳು ದಂಡೆಯೊಂದನ್ನು ಇಟ್ಟುಕೊಂಡು, ಒಂದಷ್ಟು ದೂರ ಕಡಲಿನ ಜೊತೆಜೊತೆಗೇ ನಡೆಯುತ್ತವೆ. ನನ್ನ ಹೊಳೆಯನ್ನೂ ಹಾಗೆ ಉತ್ತರಕ್ಕೆ ನಡೆಸಿದೆ, ಅದಕ್ಕೆ ಸಾಕೆನಿಸುವವರೆಗೆ. ಆಮೇಲೆ ಚಾಕುವಿನ ಅಲಗು ಹೊರಗೆ ತಳ್ಳಿ, ಹೊಳೆ ಕಡಲು ಸೇರುವ ಅಳಿವೆಯ ಬಾಯಿಂದ ಕತ್ತರಿಸಲು ತೊಡಗಿದೆ.